ಇಬ್ಬರು ರನ್ನಿಂಗ್ ಬ್ಯಾಕ್‌ಗಳನ್ನು ಒಂದೇ ಆಫೆನ್ಸ್‌ನಲ್ಲಿ ದುಡಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ತಂಡದಲ್ಲಿ ಇಬ್ಬರು ಒಳ್ಳೆಯ ರನ್ನಿಂಗ್ ಬ್ಯಾಕ್‌ಗಳಿದ್ದಾರೆ (ಚೆಂಡು ಹಿಡಿದು ಓಡುವ ಆಟಗಾರರು, ಚಿಕ್ಕದಾಗಿ ಬ್ಯಾಕ್), ಆದರೂ ಆಫೆನ್ಸ್, ಅಂದರೆ ಚೆಂಡು ಕೈಯಲ್ಲಿರುವ ತಂಡ, ಮುಂದಕ್ಕೆ ಹೋಗುತ್ತಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್‌ಗೆ ಪ್ಲೇಬುಕ್ (ಆಟದ ಯೋಜನೆಗಳ ಪುಸ್ತಕ) ಬರೆಯಲು ಕೂತವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಇದು. ಅಲ್ಲಿ ಓದುತ್ತಾ ಕ್ಯಾಂಪಸ್ ಕ್ಲಬ್ ತಂಡಕ್ಕೆ ಕೋಚಿಂಗ್‌ನಲ್ಲಿ ಕೈಜೋಡಿಸಿರುವ ನಮ್ಮ ಹುಡುಗರೂ ಇದನ್ನೇ ಹೇಳುತ್ತಾರೆ. ವಿಡಿಯೊ ಗೇಮ್‌ನಲ್ಲಿ ತಂಡ ನಡೆಸುವವರೂ ಇದನ್ನೇ ಹೇಳುತ್ತಾರೆ. ಅವರ ಪ್ಲಾನ್ ತೆರೆದು ನೋಡಿದರೆ ಎಲ್ಲರದ್ದೂ ಒಂದೇ ಸಾಲಿನಿಂದ ಶುರುವಾಗಿರುತ್ತದೆ: ಇವನಿಗೆ 15 ಕ್ಯಾರಿ (ಚೆಂಡು ಹಿಡಿದು ಓಡುವ ಸರದಿ), ಅವನಿಗೆ 12 ಕ್ಯಾರಿ.

ತಪ್ಪುವುದು ಅಲ್ಲೇ. ಕ್ಯಾರಿ ಹಂಚುವುದು ಮಧ್ಯದಲ್ಲಿ ಎಲ್ಲೋ ಬರಬೇಕಾದ ಕೆಲಸ. ಮೊದಲ ಪ್ರಶ್ನೆ ಬೇರೆ: ಚೆಂಡು ಒಬ್ಬನ ಕೈಯಲ್ಲಿದ್ದಾಗ ಇನ್ನೊಬ್ಬನು ಏನು ಮಾಡುತ್ತಿರುತ್ತಾನೆ? ಇದಕ್ಕೆ ಉತ್ತರ ಇಲ್ಲದಿದ್ದರೆ ನಿಮ್ಮ ಹತ್ತಿರ ಇರುವುದು ಸರದಿಯಲ್ಲಿ ಆಡುವ ಇಬ್ಬರು ಆಟಗಾರರು, ಅಷ್ಟೇ. ಡಿಫೆನ್ಸ್‌ಗೆ, ಅಂದರೆ ತಡೆಯುವ ಎದುರು ತಂಡಕ್ಕೆ, ಅದರಿಂದ ಯಾವ ತಲೆನೋವೂ ಇಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನೇರವಾಗಿ ನಾಲ್ಕನೇ ಹಂತಕ್ಕೆ ಹಾರುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಮೊದಲ ಎರಡು ಇಲ್ಲದೆ ಅದು ನಿಲ್ಲುವುದಿಲ್ಲ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಇಬ್ಬರೂ ಆಡಿರುವ ಪಂದ್ಯ ಮತ್ತು ಅಭ್ಯಾಸದ ವಿಡಿಯೊ ಬೇಕು. ಮೈದಾನದ ಎಲ್ಲ 22 ಜನರೂ ಕಾಣುವ ಎತ್ತರದ ಕೋನದ್ದಾದರೆ ಒಳ್ಳೆಯದು. ಟಿವಿ ಪ್ರಸಾರದಲ್ಲಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ನಮಗೆ ಬೇಕಾದದ್ದು ಚೆಂಡಿಲ್ಲದವನ ಆಟ.

ಒಂದು ಸ್ಪ್ರೆಡ್‌ಶೀಟ್ ಸಾಕು. ಪ್ರತಿ ಪ್ಲೇಗೆ (ಚೆಂಡು ಆಟಕ್ಕೆ ಬಂದು ನಿಲ್ಲುವವರೆಗಿನ ಒಂದು ಪ್ರಯತ್ನ) ಡೌನ್ (10 ಯಾರ್ಡ್ ಸಾಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಎಷ್ಟನೆಯದು), ಬೇಕಿದ್ದ ಯಾರ್ಡ್, ಮೈದಾನದಲ್ಲಿದ್ದ ಬ್ಯಾಕ್, ಓಟವೋ ಪಾಸೋ, ಸಿಕ್ಕ ಯಾರ್ಡ್, ಇಷ್ಟನ್ನು ಬರೆಯಿರಿ. ಆಟಗಾರರ ಗುಂಪನ್ನು ಎರಡಂಕಿಯಲ್ಲಿ ಗುರುತಿಸುವ ಕ್ರಮ ಗೊತ್ತಿರಲಿ. ಮೊದಲ ಅಂಕಿ ರನ್ನಿಂಗ್ ಬ್ಯಾಕ್‌ಗಳ ಸಂಖ್ಯೆ, ಎರಡನೆಯದು ಟೈಟ್ ಎಂಡ್‌ಗಳದ್ದು (ಲೈನ್‌ನ ತುದಿಯಲ್ಲಿ ನಿಂತು ಎದುರಾಳಿಯನ್ನು ತಡೆಯುವ, ಪಾಸೂ ಹಿಡಿಯುವ ಆಟಗಾರರು). 11 ಅಂದರೆ ತಲಾ ಒಬ್ಬರು. 20 ಅಂದರೆ ಇಬ್ಬರು ಬ್ಯಾಕ್, ಟೈಟ್ ಎಂಡ್ ಇಲ್ಲ. 21 ಅಂದರೆ ಇಬ್ಬರು ಬ್ಯಾಕ್, ಒಬ್ಬ ಟೈಟ್ ಎಂಡ್. ನಮ್ಮ ಕೆಲಸವೆಲ್ಲ ಈ ಮೂರರಲ್ಲೇ ಮುಗಿಯುತ್ತದೆ. 21ರಲ್ಲಿ ಫುಲ್‌ಬ್ಯಾಕ್ (ಓಟಗಾರನಿಗೆ ದಾರಿ ಬಿಡಿಸುವ ಬ್ಯಾಕ್) ಬದಲು ನಿಜವಾದ ಇಬ್ಬರು ಓಟಗಾರರೇ ನಿಂತರೆ ಕೋಚ್‌ಗಳು ಅದನ್ನು ಪೋನಿ ಎನ್ನುತ್ತಾರೆ.

## ಹಂತ 1: ಚೆಂಡಿಲ್ಲದಾಗ ಇಬ್ಬರೂ ಏನು ಮಾಡುತ್ತಾರೆ ನೋಡಿ

ಇಬ್ಬರ ಓಟದ ವಿಡಿಯೊ ಸದ್ಯಕ್ಕೆ ಬದಿಗಿಡಿ. ಅವರು ಚೆನ್ನಾಗಿ ಓಡುತ್ತಾರೆ ಅಂತ ಗೊತ್ತೇ ಇದೆ. ಮೂರು ವಿಷಯ ನೋಡಿ: ಬ್ಲಿಟ್ಜ್ ಬಂದಾಗ, ಅಂದರೆ ಡಿಫೆನ್ಸ್ ಹೆಚ್ಚು ಜನರನ್ನು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ, ಹಂಚುವ ಆಟಗಾರ) ಮೇಲೆ ನುಗ್ಗಿಸಿದಾಗ, ಲೈನ್‌ಬ್ಯಾಕರ್‌ನನ್ನು (ಡಿಫೆನ್ಸ್‌ನ ಮುಂದಿನ ಸಾಲಿನ ಹಿಂದೆ ನಿಲ್ಲುವವನನ್ನು) ತಡೆಯುತ್ತಾನಾ? ಪಾಸನ್ನು ಎದೆಗೆ ಅಪ್ಪಿಕೊಳ್ಳದೆ ಕೈಯಲ್ಲಿ ಹಿಡಿಯುತ್ತಾನಾ? ಚೆಂಡು ಸಿಕ್ಕಂತೆ ನಟಿಸಬೇಕಾದಾಗ ಪೂರ್ತಿ ವೇಗದಲ್ಲಿ ಓಡುತ್ತಾನಾ, ಇಲ್ಲ ಮೂರು ಹೆಜ್ಜೆ ಹಾಕಿ ನಿಂತುಬಿಡುತ್ತಾನಾ?

ಮೂರನೆಯದನ್ನು ಯಾರೂ ಅಳೆಯುವುದಿಲ್ಲ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಸುಳ್ಳು ಓಟ ನಿಜದಂತೆ ಕಾಣದಿದ್ದರೆ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸುವುದರಲ್ಲಿ ಅರ್ಥವೇ ಇಲ್ಲ.

2024ರ ಒಹಾಯೊ ಸ್ಟೇಟ್ ತಂಡ ಇದಕ್ಕೆ ಒಳ್ಳೆಯ ಪಾಠ. ಕ್ವಿನ್‌ಶಾನ್ ಜಡ್ಕಿನ್ಸ್ 194 ಕ್ಯಾರಿಯಲ್ಲಿ 1,060 ಯಾರ್ಡ್ ಓಡಿದ. ಟ್ರೆವೆಯಾನ್ ಹೆಂಡರ್ಸನ್ 144ರಲ್ಲಿ 1,016 ಓಡಿದ. ಹೆಂಡರ್ಸನ್‌ಗೆ ಕ್ಯಾರಿ ಕಡಿಮೆ. ಆದರೆ ಬ್ಲಿಟ್ಜ್ ತಡೆಯುವುದರಲ್ಲಿ ಅವನು ಎಷ್ಟು ಗಟ್ಟಿಯಿದ್ದನೆಂದರೆ ಪಾಸ್ ಬೇಕಾದ ಡೌನ್‌ಗಳಲ್ಲಿ ಅವನನ್ನು ಹೊರಗಿಡುವ ಪ್ರಮೇಯವೇ ಬರಲಿಲ್ಲ. ಟೆಕ್ಸಸ್ ವಿರುದ್ಧದ ಸೆಮಿಫೈನಲ್‌ನಲ್ಲಿ, ಮೊದಲಾರ್ಧ ಮುಗಿಯಲು ಕೆಲವೇ ಸೆಕೆಂಡ್ ಇದ್ದಾಗ, ಒಂದು ಸ್ಕ್ರೀನ್ ಪಾಸ್ (ನುಗ್ಗಿ ಬರುವವರನ್ನು ಒಳಗೆ ಬಿಟ್ಟುಕೊಂಡು ಕೊಡುವ ಸಣ್ಣ ಪಾಸ್) ಹಿಡಿದು 75 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಸ್ಕ್ರೀನ್ ಫಲಿಸುವುದು ಬ್ಯಾಕ್ ಮೊದಲು ಬ್ಲಾಕ್ ಮಾಡಲು (ಎದುರಾಳಿಯನ್ನು ಮೈಯಿಂದ ತಡೆಯಲು) ನಿಂತಿದ್ದಾನೆ ಎಂದು ಡಿಫೆನ್ಸ್ ನಂಬಿದಾಗ ಮಾತ್ರ. ಬ್ಲಾಕ್ ಮಾಡಲು ಬಾರದವನನ್ನು ಯಾರು ನಂಬುತ್ತಾರೆ?

ಸಾಮಾನ್ಯ ತಪ್ಪು: ತೂಕ ನೋಡಿ ಕೆಲಸ ಹಂಚುವುದು. ದಪ್ಪಗಿರುವವನು ಬ್ಲಾಕ್ ಮಾಡುತ್ತಾನೆ, ತೆಳ್ಳಗಿರುವವನು ಪಾಸ್ ಹಿಡಿಯುತ್ತಾನೆ ಅಂತ ಊಹಿಸಬೇಡಿ. ವಿಡಿಯೊ ಹಲವು ಸಲ ಉಲ್ಟಾ ಹೇಳುತ್ತದೆ.

## ಹಂತ 2: ಲೈನ್‌ಗೆ ಒಗ್ಗುವ ಎರಡು ಓಟಗಳನ್ನು ಆರಿಸಿ

ಓಟದ ಪ್ಲೇಗಳನ್ನು ಬ್ಯಾಕ್ ನೋಡಿ ಆರಿಸಬೇಡಿ, ಮುಂದಿರುವ ಐದು ಲೈನ್‌ಮನ್‌ಗಳನ್ನು ನೋಡಿ ಆರಿಸಿ. ಗಾರ್ಡ್‌ಗಳು (ಆ ಐವರಲ್ಲಿ ನಡುವಿನವನ ಎರಡೂ ಪಕ್ಕದವರು) ಹಗುರವಾಗಿ, ಚುರುಕಾಗಿ ಓಡುವವರಾದರೆ ಔಟ್‌ಸೈಡ್ ಝೋನ್ (ಇಡೀ ಲೈನ್ ಒಂದೇ ಕಡೆ ಸರಿದು ಅಂಚಿನ ಕಡೆ ಓಡಿಸುವುದು) ಜೊತೆ ಕೌಂಟರ್ (ಒಂದು ಕಡೆಗೆ ತೋರಿಸಿ ಇನ್ನೊಂದು ಕಡೆಗೆ ಓಡುವುದು). ಭಾರವಾಗಿದ್ದು ನೇರ ತಳ್ಳುವವರಾದರೆ ಇನ್‌ಸೈಡ್ ಝೋನ್ (ಅದೇ ಥರ, ಆದರೆ ಮಧ್ಯದ ಕಡೆ) ಜೊತೆ ಪವರ್ (ಒಬ್ಬ ಗಾರ್ಡ್ ಇನ್ನೊಂದು ಬದಿಗೆ ಬಂದು ದಾರಿ ಬಿಡಿಸುವ ಓಟ). ಒಂದು ಮುಖ್ಯ ಓಟ, ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಅಥವಾ ಬೇರೆ ಕೋನದಲ್ಲಿ ಹೊಡೆಯುವ ಇನ್ನೊಂದು. ಶುರುವಿಗೆ ಇಷ್ಟು ಸಾಕು.

ಈಗ ಮುಖ್ಯ ನಿಯಮ. ಈ ಎರಡೂ ಓಟಗಳನ್ನು ಇಬ್ಬರೂ ಬ್ಯಾಕ್‌ಗಳು ಓಡಬೇಕು. ಒಬ್ಬನು ಬಂದರೆ ಒಳಗಿನ ಓಟ, ಇನ್ನೊಬ್ಬನು ಬಂದರೆ ಹೊರಗಿನ ಓಟ ಅಂತ ಮಾಡಿದರೆ ಎದುರು ತಂಡದ ಲೈನ್‌ಬ್ಯಾಕರ್‌ಗೆ ಜರ್ಸಿ ನಂಬರ್ ನೋಡಿದರೆ ಸಾಕು. ಸ್ನ್ಯಾಪ್‌ಗೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ಲೇ ಶುರು ಮಾಡುವುದಕ್ಕೆ) ಮುಂಚೆಯೇ ನಿಮ್ಮ ಪ್ಲೇ ಅವನಿಗೆ ಗೊತ್ತಾಗಿರುತ್ತದೆ. ಇಬ್ಬರ ಶೈಲಿ ಬೇರೆ ಇರಲಿ, ಪರವಾಗಿಲ್ಲ. ಒಂದೇ ಇನ್‌ಸೈಡ್ ಝೋನ್ ಅನ್ನು ಒಬ್ಬ ತಾಳ್ಮೆಯಿಂದ ಕಾದು ಓಡುತ್ತಾನೆ, ಇನ್ನೊಬ್ಬ ಮೊದಲ ಸಂದಿಯಲ್ಲೇ ನುಗ್ಗುತ್ತಾನೆ. ಆ ವ್ಯತ್ಯಾಸ ಡಿಫೆನ್ಸ್ ಅನ್ನು ತಾನಾಗಿಯೇ ಕಾಡುತ್ತದೆ.

## ಹಂತ 3: ಒಬ್ಬನೇ ಆಡುವಾಗಿನ ಸರದಿ

ಬಹುಪಾಲು ಸ್ನ್ಯಾಪ್‌ಗಳಲ್ಲಿ ಮೈದಾನದಲ್ಲಿ ಒಬ್ಬನೇ ಬ್ಯಾಕ್ ಇರುತ್ತಾನೆ. ಅಲ್ಲಿ ಪ್ಲೇಗೊಮ್ಮೆ ಬದಲಿಸಬೇಡಿ, ಡ್ರೈವ್‌ಗೊಮ್ಮೆ (ಚೆಂಡು ಸಿಕ್ಕಾಗಿನಿಂದ ಬಿಟ್ಟುಕೊಡುವವರೆಗಿನ ಪ್ಲೇಗಳ ಸರಣಿ) ಬದಲಿಸಿ. ಬ್ಯಾಕ್‌ಗೆ ಲೈನ್‌ನ ಲಯ ಸಿಗಲು ಸತತವಾಗಿ ಕೆಲವು ಕ್ಯಾರಿ ಬೇಕು. ಒಂದು ಓಟ ಓಡಿ ಹೊರಗೆ ಬಂದವನು ಎದುರಿನ ಎಂಡ್ (ಡಿಫೆನ್ಸ್‌ನ ಮುಂದಿನ ಸಾಲಿನ ತುದಿಯವನು) ಹೇಗೆ ಒಳಗೆ ನುಗ್ಗುತ್ತಿದ್ದಾನೆ ಅಂತ ಗಮನಿಸುವುದರೊಳಗೆ ಬೆಂಚ್ ಮೇಲಿರುತ್ತಾನೆ.

ಇನ್ನೊಂದು ಕಾರಣವೂ ಇದೆ. ಆಫೆನ್ಸ್ ಆಟಗಾರರನ್ನು ಬದಲಿಸಿದರೆ ಡಿಫೆನ್ಸ್‌ಗೂ ಬದಲಿಸಲು ಅಂಪೈರ್ ಅವಕಾಶ ಕೊಡಲೇಬೇಕು. ಅಲ್ಲಿಯವರೆಗೆ ಸ್ನ್ಯಾಪ್ ಮಾಡುವಂತಿಲ್ಲ. ಅಂದರೆ ಪ್ರತಿ ಪ್ಲೇಗೂ ಬ್ಯಾಕ್ ಬದಲಿಸುತ್ತಾ ಹೋದರೆ ವೇಗದ ಆಟ ಆಡುವ ಆಯುಧವನ್ನು ನೀವೇ ಕೆಳಗಿಟ್ಟಂತೆ.

ಡ್ರೈವ್‌ಗಳನ್ನು ಸಮನಾಗಿ ಹಂಚುವುದೋ ಬೇಡವೋ? ಇಬ್ಬರೂ ನಿಜವಾಗಿ ಒಂದೇ ಮಟ್ಟದವರಾದರೆ ಹಂಚಿ. 2020ರ ಡಿಸೆಂಬರ್‌ನಲ್ಲಿ ನಾರ್ತ್ ಕ್ಯಾರೊಲೈನಾ ಮಯಾಮಿ ವಿರುದ್ಧ ಹೀಗೇ ಮಾಡಿತು. ಮೈಕಲ್ ಕಾರ್ಟರ್ 308 ಯಾರ್ಡ್, ಜಾವಾಂಟೆ ವಿಲಿಯಮ್ಸ್ 236 ಯಾರ್ಡ್. ಇಬ್ಬರದ್ದೂ ಸೇರಿ 544, ಒಂದೇ ತಂಡದ ಇಬ್ಬರು ಒಂದು ಪಂದ್ಯದಲ್ಲಿ ಓಡಿದ ದಾಖಲೆ ಅದು. ಕ್ಯಾರಿಗಳು ಹೆಚ್ಚುಕಡಿಮೆ ಒಂದೇ ಸಮ ಇದ್ದವು. ಇಬ್ಬರೂ ದಣಿದಿರಲಿಲ್ಲ, ಡಿಫೆನ್ಸ್ ಮಾತ್ರ ದಣಿದಿತ್ತು.

ಒಬ್ಬನಿಗೆ ಆ ದಿನ ಕೈ ಹತ್ತಿದರೆ ಅವನನ್ನೇ ಮುಂದುವರಿಸಬೇಕು ಅನ್ನುವವರು ಬಹಳ. ನಾನೂ ಒಪ್ಪುತ್ತೇನೆ, ಆದರೆ ಆ ನಿರ್ಧಾರ ಪಂದ್ಯದ ನಡುವೆ ಹುಟ್ಟಬಾರದು. ಮೂರನೇ ಕ್ವಾರ್ಟರ್ ಮುಗಿದ ಮೇಲೆ ಯಾರು ಚೆನ್ನಾಗಿ ಓಡುತ್ತಿದ್ದಾನೋ ಅವನಿಗೆ ಜಾಸ್ತಿ ಕ್ಯಾರಿ, ಇದನ್ನು ಪಂದ್ಯದ ಮುನ್ನಾದಿನ, ಶುಕ್ರವಾರವೇ, ಇಬ್ಬರಿಗೂ ಕೂರಿಸಿ ಹೇಳಿಬಿಡಿ.

## ಹಂತ 4: ಇಬ್ಬರನ್ನೂ ಒಟ್ಟಿಗೆ ನಿಲ್ಲಿಸುವುದು

ಜಾಸ್ತಿ ಜನ ಎಡವುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಓದಿ.

ಮೊದಲು ನಿಯಮ. ಸ್ನ್ಯಾಪ್ ಹೊತ್ತಿಗೆ ಆಫೆನ್ಸ್‌ನ ನಾಲ್ಕು ಜನ ಮಾತ್ರ ಲೈನ್‌ನ ಹಿಂದೆ ಇರಬಹುದು. ಕ್ವಾರ್ಟರ್‌ಬ್ಯಾಕ್ ಒಬ್ಬ, ಬ್ಯಾಕ್‌ಗಳು ಇಬ್ಬರು, ಅಲ್ಲಿಗೆ ಮೂರಾಯಿತು. ಇನ್ನು ಒಬ್ಬ ಸ್ಲಾಟ್ ರಿಸೀವರ್‌ಗೆ (ಲೈನ್ ಮತ್ತು ಅಂಚಿನ ರಿಸೀವರ್ ನಡುವೆ ನಿಂತು ಪಾಸ್ ಹಿಡಿಯುವವನು) ಮಾತ್ರ ಜಾಗ. ಉಳಿದವರು ಲೈನ್ ಮೇಲೆ ನಿಲ್ಲಬೇಕು. ಒಬ್ಬನೇ ಬ್ಯಾಕ್ ಇರುವ ಫಾರ್ಮೇಷನ್‌ನಲ್ಲಿ (ನಿಲ್ಲುವ ವ್ಯವಸ್ಥೆಯಲ್ಲಿ) ಇಬ್ಬರು ರಿಸೀವರ್‌ಗಳು ಹಿಂದೆ ನಿಂತು ರೂಢಿ ಇರುತ್ತದೆ. ಅದೇ ಅಭ್ಯಾಸದಲ್ಲಿ ನಿಂತರೆ ಐದು ಜನ ಆಗಿ 5 ಯಾರ್ಡ್ ದಂಡ ಬೀಳುತ್ತದೆ.

ಬ್ಯಾಕ್ ಒಬ್ಬನನ್ನು ಅಂಚಿಗೆ ಕಳಿಸುವಾಗಲೂ ಹುಷಾರು. ಅವನು ಲೈನ್ ಮೇಲೆ ಹೋಗಿ ನಿಂತರೆ ಅದೇ ಬದಿಯಲ್ಲಿ ಲೈನ್ ಮೇಲಿರುವ ಒಳಗಿನ ರಿಸೀವರ್ ಪಾಸ್ ಹಿಡಿಯುವ ಅರ್ಹತೆ ಕಳೆದುಕೊಳ್ಳುತ್ತಾನೆ. ಒಂದು ಹೆಜ್ಜೆ ಹಿಂದೆ ನಿಲ್ಲಲು ಹೇಳಿ. ಸ್ನ್ಯಾಪ್ ಆಗುವಾಗ ಒಬ್ಬನೇ ಚಲಿಸುತ್ತಿರಬಹುದು, ಅದೂ ಅಡ್ಡಡ್ಡವಾಗಿ ಅಥವಾ ಹಿಂದಕ್ಕೆ. ಇಬ್ಬರು ಜಾಗ ಬದಲಿಸಿದರೆ ಎಲ್ಲರೂ ಪೂರ್ತಿ ಒಂದು ಸೆಕೆಂಡ್ ನಿಂತಿರಬೇಕು.

ನಿಲ್ಲುವ ರೀತಿ. ಶುರುವಿಗೆ ಶಾಟ್‌ಗನ್ ಸ್ಪ್ಲಿಟ್ ಬ್ಯಾಕ್ಸ್ ತೆಗೆದುಕೊಳ್ಳಿ. ಕ್ವಾರ್ಟರ್‌ಬ್ಯಾಕ್ ಸುಮಾರು 5 ಯಾರ್ಡ್ ಹಿಂದೆ, ಅವನ ಎರಡೂ ಬದಿಯಲ್ಲಿ ಒಬ್ಬೊಬ್ಬ ಬ್ಯಾಕ್. ಎರಡು ಕಡೆಯೂ ಒಂದೇ ಥರ ಕಾಣುವುದರಿಂದ ಓಟ ಯಾವ ಕಡೆಗೆ ಅಂತ ಡಿಫೆನ್ಸ್‌ಗೆ ಸುಳಿವು ಸಿಗುವುದಿಲ್ಲ. ಪಿಸ್ಟಲ್, ಐ ಫಾರ್ಮೇಷನ್‌ನಂಥ ಬೇರೆ ನಿಲುವುಗಳೆಲ್ಲ ಆಮೇಲೆ.

ಒಂದೇ ರೂಪದ ಮೂರು ಪ್ಲೇ. ಇದೇ ಈ ಹಂತದ ಜೀವಾಳ. ಸ್ನ್ಯಾಪ್ ಆದ ಮೊದಲ ಕ್ಷಣದಲ್ಲಿ ಮೂರೂ ಒಂದೇ ಥರ ಕಾಣಬೇಕು.

1. ಇಡೀ ಲೈನ್ ಎಡಕ್ಕೆ ಇನ್‌ಸೈಡ್ ಝೋನ್ ಬ್ಲಾಕ್ ಮಾಡುತ್ತದೆ. ಬಲಗಡೆಯ ಬ್ಯಾಕ್ ಕ್ವಾರ್ಟರ್‌ಬ್ಯಾಕ್ ಮುಂದಿನಿಂದ ಎಡಕ್ಕೆ ಬಂದು ಚೆಂಡು ತೆಗೆದುಕೊಳ್ಳುತ್ತಾನೆ. ಎಡಗಡೆಯ ಬ್ಯಾಕ್ ಲೈನ್‌ಗೆ ಅಂಟಿಕೊಂಡಂತೆ ಬಲಕ್ಕೆ ದಾಟಿ, ಲೈನ್ ಬೇಕೆಂದೇ ಬ್ಲಾಕ್ ಮಾಡದೆ ಬಿಟ್ಟಿರುವ ಡಿಫೆನ್ಸಿವ್ ಎಂಡ್‌ಗೆ ಬ್ಲಾಕ್ ಕೊಡುತ್ತಾನೆ.

2. ಎಲ್ಲವೂ ಅದೇ. ಆದರೆ ಎಡಗಡೆಯ ಬ್ಯಾಕ್ ಎಂಡ್‌ನನ್ನು ಮುಟ್ಟದೆ ಪಕ್ಕದಿಂದ ಜಾರಿ ಬಲ ಅಂಚಿಗೆ ಓಡುತ್ತಾನೆ. ಕ್ವಾರ್ಟರ್‌ಬ್ಯಾಕ್ ಚೆಂಡು ಕೊಟ್ಟಂತೆ ಮಾಡಿ ಉಳಿಸಿಕೊಂಡು ಅವನಿಗೆ ಎಸೆಯುತ್ತಾನೆ.

3. ಬಲಗಡೆಯವನಿಗೆ ಕೊಟ್ಟಂತೆ ನಟನೆ. ಎಡಗಡೆಯವನು ಒಂದು ಹೆಜ್ಜೆ ತಡೆದು, ಬಲಕ್ಕೆ ಹೋಗುತ್ತಾ ಚೆಂಡು ತೆಗೆದುಕೊಳ್ಳುತ್ತಾನೆ. ಎಡ ಗಾರ್ಡ್ ಲೈನ್‌ನಿಂದ ಕಳಚಿಕೊಂಡು ಬಲಕ್ಕೆ ಓಡಿ ಎಂಡ್‌ನನ್ನು ಹೊರಗೆ ತಳ್ಳುತ್ತಾನೆ. ಇದು ಕೌಂಟರ್.

ಮೊದಲ ಪ್ಲೇ ಎರಡು ಮೂರು ಸಲ ಆಡಿದ ಮೇಲೆ ಆ ಎಂಡ್ ಒಳಕ್ಕೆ ನುಗ್ಗಿ ಬ್ಲಾಕ್ ಎದುರಿಸಲು ಶುರು ಮಾಡುತ್ತಾನೆ. ಆಗ ಎರಡನೆಯದು. ಬಲಗಡೆಯ ಲೈನ್‌ಬ್ಯಾಕರ್ ಎಡಕ್ಕೆ ಬೇಗ ಓಡುತ್ತಿದ್ದರೆ ಮೂರನೆಯದು. ನೀವು ನೋಡಬೇಕಾದದ್ದು ಈ ಇಬ್ಬರನ್ನೇ. ಚೆಂಡು ಎಲ್ಲಿ ಹೋಯಿತು ಅಂತ ಆಮೇಲೆ ವಿಡಿಯೊದಲ್ಲಿ ನೋಡಬಹುದು.

ಡಿಫೆನ್ಸ್ ಏನು ಉತ್ತರ ಕೊಡುತ್ತದೆ? ಇಬ್ಬರು ಬ್ಯಾಕ್ ಬಂದಾಗ ಎದುರಾಳಿ ಐದು ಡಿಫೆನ್ಸಿವ್ ಬ್ಯಾಕ್‌ಗಳ ನಿಕಲ್‌ನಲ್ಲೇ ಉಳಿದರೆ ನಿಮಗೆ ಒಳಗೆ ಓಡಲು ಅನುಕೂಲ. ಹಗುರ ಮೈಯವನು ನಿಮ್ಮ ಗಾರ್ಡ್‌ನನ್ನು ಎದುರಿಸಬೇಕಾಗುತ್ತದೆ. ಅದಕ್ಕೆ ಹೆದರಿ ಇನ್ನೊಬ್ಬ ಲೈನ್‌ಬ್ಯಾಕರ್‌ನನ್ನು ತಂದರೆ, ಒಬ್ಬ ಬ್ಯಾಕ್‌ನನ್ನು ಮೋಷನ್‌ನಲ್ಲಿ (ಸ್ನ್ಯಾಪ್‌ಗೆ ಮುಂಚಿನ ಚಲನೆಯಲ್ಲಿ) ಸ್ಲಾಟ್‌ಗೆ ಕಳಿಸಿ. ಅವನ ಹಿಂದೆ ಲೈನ್‌ಬ್ಯಾಕರ್ ಓಡಿ ಹೋದರೆ ಬಹುತೇಕ ಅದು ಮ್ಯಾನ್ ಕವರೇಜ್, ಅಂದರೆ ಒಬ್ಬೊಬ್ಬನಿಗೆ ಒಬ್ಬ ಕಾವಲು. ನಿಮ್ಮ ಬ್ಯಾಕ್ ಬಯಲಿನಲ್ಲಿ ನಿಧಾನದವನ ಎದುರು ಸಿಕ್ಕ, ಒಳಗೆ ಒಬ್ಬ ಕಡಿಮೆಯೂ ಆದ. ಯಾರೂ ಹೋಗದಿದ್ದರೆ ಝೋನ್ ಕವರೇಜ್ (ಆಳಿನ ಬದಲು ಜಾಗ ಕಾಯುವುದು) ಇರುವ ಸಾಧ್ಯತೆ ಜಾಸ್ತಿ. ಆಗ ಅವನಿಗೇ ಬೇಗನೆ ಒಂದು ಸಣ್ಣ ಪಾಸ್.

ಇಷ್ಟೂ ನಡೆಯುವುದು ಆಟಗಾರರನ್ನು ಬದಲಿಸದೆ. ಆದ್ದರಿಂದ ಒಂದು ಡ್ರೈವ್‌ನಲ್ಲಿ ಅದೇ 11 ಜನರನ್ನು ಬಿಟ್ಟು ಬೇಗ ಬೇಗ ಸ್ನ್ಯಾಪ್ ಮಾಡಿ. ತಪ್ಪು ಗುಂಪಿನೊಂದಿಗೆ ಸಿಕ್ಕಿಹಾಕಿಕೊಂಡ ಡಿಫೆನ್ಸ್‌ಗೆ ಹೊರಬರಲು ದಾರಿ ಇರುವುದಿಲ್ಲ.

ನೇರ ಸ್ನ್ಯಾಪ್. ಇದು ನಾಲ್ಕನೇ ಪ್ಲೇ, ಮೇಲಿನ ಮೂರು ಕೈವಶ ಆದಮೇಲೆ ಮಾತ್ರ. ಅರ್ಕನ್ಸಾಸ್ ತಂಡ 2006 ಮತ್ತು 2007ರಲ್ಲಿ ಡ್ಯಾರೆನ್ ಮೆಕ್‌ಫ್ಯಾಡನ್‌ಗೆ ನೇರವಾಗಿ ಸ್ನ್ಯಾಪ್ ಕೊಟ್ಟು, ಫೀಲಿಕ್ಸ್ ಜೋನ್ಸ್‌ನನ್ನು ಅವನ ಮುಂದೆ ಅಡ್ಡ ಓಡಿಸುತ್ತಿತ್ತು. ಮೆಕ್‌ಫ್ಯಾಡನ್ ಚೆಂಡನ್ನು ಅವನಿಗೆ ಕೊಡುತ್ತಿದ್ದ, ಇಲ್ಲವೇ ತಾನೇ ಓಡುತ್ತಿದ್ದ, ಕೆಲವೊಮ್ಮೆ ಪಾಸೂ ಎಸೆಯುತ್ತಿದ್ದ. ಚೆಂಡು ಕೊಡಲು ಬೇರೊಬ್ಬ ಬೇಕಿಲ್ಲದ ಕಾರಣ ಒಬ್ಬ ಬ್ಲಾಕರ್ ಹೆಚ್ಚಾಗುತ್ತಾನೆ. ಲೆಕ್ಕ ಅಷ್ಟೇ. 2018ರ ಜನವರಿ 1ರ ರೋಸ್ ಬೌಲ್‌ನಲ್ಲಿ (ಸೀಸನ್ ಕೊನೆಯ ದೊಡ್ಡ ಪಂದ್ಯಗಳಲ್ಲೊಂದು) ಜಾರ್ಜಿಯಾ ಎರಡನೇ ಓವರ್‌ಟೈಮ್‌ನಲ್ಲಿ ಒಕ್ಲಹೋಮಾವನ್ನು 54-48ರಿಂದ ಸೋಲಿಸಿದ್ದೂ ಹೀಗೇ, ಸೋನಿ ಮಿಶೆಲ್ ನೇರ ಸ್ನ್ಯಾಪ್ ತೆಗೆದುಕೊಂಡು ಓಡಿದ 27 ಯಾರ್ಡ್‌ಗಳಿಂದ. ಪಂದ್ಯಕ್ಕೆ ಮೂರು ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಇದು ಊಟದ ಉಪ್ಪಿನಕಾಯಿ ಇದ್ದಂತೆ, ತಟ್ಟೆ ತುಂಬ ಬಡಿಸುವುದಲ್ಲ.

## ಹಂತ 5: ಪಾಸ್ ರಕ್ಷಣೆಯ ನಿಯಮ ಒಂದೇ ಸಾಲಿನಲ್ಲಿರಲಿ

ಇಬ್ಬರು ಬ್ಯಾಕ್‌ಗಳು ಹಿಂದೆ ನಿಂತರೆ ಕ್ವಾರ್ಟರ್‌ಬ್ಯಾಕ್ ಮುಂದೆ ಒಟ್ಟು ಏಳು ಜನ ರಕ್ಷಕರು. ಕಾಗದದ ಮೇಲೆ ಇದು ಭದ್ರ. ನಿಜದಲ್ಲಿ ಇಬ್ಬರೂ ಒಬ್ಬನೇ ಲೈನ್‌ಬ್ಯಾಕರ್ ಮೇಲೆ ಬೀಳುತ್ತಾರೆ, ಇನ್ನೊಬ್ಬ ಸರಾಗವಾಗಿ ಒಳಗೆ ಬರುತ್ತಾನೆ.

ಪರಿಹಾರ ಸುಲಭ. ಪ್ರತಿಯೊಬ್ಬನೂ ತಾನು ನಿಂತ ಬದಿಯನ್ನೇ ನೋಡಲಿ, ಮೊದಲು ಒಳಗೆ, ಆಮೇಲೆ ಹೊರಗೆ. ಒಳಗಿನಿಂದ ಬರುವವನಿಗೆ ಕ್ವಾರ್ಟರ್‌ಬ್ಯಾಕ್ ಹತ್ತಿರ, ಹೊರಗಿನಿಂದ ಬರುವವನಿಗೆ ದೂರ. ಯಾರೂ ಬರದಿದ್ದರೆ ಅವನು ಅಂಚಿಗೆ ಅಥವಾ ಮಧ್ಯಕ್ಕೆ ಒಂದು ಸಣ್ಣ ರೂಟ್ ಓಡಿ ಪಾಸ್‌ಗೆ ಸಿಗಬೇಕು. ಸುಮ್ನೆ ನಿಂತು ನೋಡುವಂತಿಲ್ಲ.

## ಹಂತ 6: ವಾರದ ಅಭ್ಯಾಸ

ಹೊಸದಾಗಿ ಕಲಿಸುವುದು ವಾರಕ್ಕೆ ಎರಡೇ ಪ್ಲೇ. ಚೆಂಡು ಕೈ ಬದಲಾಗುವ ಜಾಗದ ಅಭ್ಯಾಸ ದಿನವೂ ಬೇಕು, ಎಡದಿಂದಲೂ ಬಲದಿಂದಲೂ, ಇಬ್ಬರಿಗೂ. ಇಬ್ಬರ ಹೆಜ್ಜೆಯ ಅಗಲ ಬೇರೆ, ಅವರು ಕ್ವಾರ್ಟರ್‌ಬ್ಯಾಕ್ ಹತ್ತಿರ ತಲುಪುವ ಹೊತ್ತೂ ಬೇರೆ. ಒಬ್ಬನ ಜೊತೆಗೇ ಅಭ್ಯಾಸ ಮಾಡಿದ ಕ್ವಾರ್ಟರ್‌ಬ್ಯಾಕ್ ಪಂದ್ಯದಲ್ಲಿ ಇನ್ನೊಬ್ಬನಿಗೆ ಕೊಡುವಾಗ ಚೆಂಡು ಹೊಟ್ಟೆಗೆ ಸೇರುವ ಬದಲು ಮೊಣಕೈಗೆ ತಾಗುತ್ತದೆ.

ಇಬ್ಬರ ದಾರಿಗಳು ಒಂದನ್ನೊಂದು ದಾಟುವ ಪ್ಲೇಗಳನ್ನು ಮೊದಲು ನಡೆದು, ಆಮೇಲೆ ಅರ್ಧ ವೇಗದಲ್ಲಿ ಮಾಡಿಸಿ. ಡಿಕ್ಕಿ ಹೊಡೆದುಕೊಂಡರೆ ಗಾಯ ಆಗುವುದು ನಿಮ್ಮ ಇಬ್ಬರು ಉತ್ತಮ ಆಟಗಾರರಿಗೇ ಅಲ್ವಾ.

## ಹಂತ 7: ಪಂದ್ಯದ ದಿನ, ಒಂದೆರಡು ಯಾರ್ಡ್ ಬೇಕಾದಾಗ

2006ರ ಜನವರಿ 4ರ ರೋಸ್ ಬೌಲ್ ವಿಡಿಯೊ ಇಟ್ಟುಕೊಂಡು ಇದನ್ನು ಓದಿ. ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡದ ಇಬ್ಬರು ಬ್ಯಾಕ್‌ಗಳೂ ಆ ಸೀಸನ್‌ನಲ್ಲಿ ಸಾವಿರ ಯಾರ್ಡ್ ದಾಟಿದವರು. ರೆಜಿ ಬುಷ್ 1,740, ಲೆಂಡೇಲ್ ವೈಟ್ 1,302. ಟೆಕ್ಸಸ್ ವಿರುದ್ಧ 38-33ರ ಮುನ್ನಡೆ, ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಮಯ ಉಳಿದಿದೆ, ನಾಲ್ಕನೇ ಡೌನ್, ಬೇಕಿರುವುದು 2 ಯಾರ್ಡ್. ವೈಟ್‌ಗೆ ಚೆಂಡು ಕೊಟ್ಟರು. ಅವನು ಆ ರಾತ್ರಿ ಮೂರು ಟಚ್‌ಡೌನ್ ಓಡಿದ್ದ, ಹಾಗಾಗಿ ಆಯ್ಕೆ ತಪ್ಪಲ್ಲ. ಆದರೆ ಬುಷ್ ಮೈದಾನದ ಹೊರಗಿದ್ದ. ಟೆಕ್ಸಸ್‌ನ ಯಾರಿಗೂ ಅಂಚಿನ ಕಡೆ ಗಮನ ಕೊಡುವ ಅಗತ್ಯ ಇರಲಿಲ್ಲ. ಎಲ್ಲರೂ ಮಧ್ಯಕ್ಕೆ ಬಂದರು, ವೈಟ್ ನಿಂತುಹೋದ. ಟೆಕ್ಸಸ್ 41-38ರಿಂದ ಗೆದ್ದಿತು.

ಕಾಲ್ ಶೀಟ್‌ನಲ್ಲಿ (ಪಂದ್ಯದ ದಿನ ಪ್ಲೇ ಆರಿಸಲು ಕೈಯಲ್ಲಿಟ್ಟುಕೊಳ್ಳುವ ಹಾಳೆ) ದಪ್ಪಕ್ಷರದಲ್ಲಿ ಬರೆಯಿರಿ: 2 ಯಾರ್ಡ್ ಅಥವಾ ಅದಕ್ಕಿಂತ ಕಡಿಮೆ ಬೇಕಾದಾಗ ಇಬ್ಬರೂ ಒಳಗೆ. ಚೆಂಡು ಯಾರಿಗಾದರೂ ಹೋಗಲಿ, ಇನ್ನೊಬ್ಬನು ಮೋಷನ್‌ನಲ್ಲಿ ಅಂಚಿಗೆ ಓಡಲಿ. ಅವನ ಜೊತೆ ಒಬ್ಬ ಡಿಫೆಂಡರ್ ಒಂದೇ ಹೆಜ್ಜೆ ಹೊರಗೆ ಹೋದರೂ ಸಾಕು.

ಮೊದಲ ಎರಡು ಡ್ರೈವ್‌ಗಳ ಪ್ಲೇಗಳನ್ನು ಮುಂಚೆಯೇ ಬರೆದಿಡಿ. ಇಬ್ಬರೂ ಒಟ್ಟಿಗಿರುವ ಫಾರ್ಮೇಷನ್ ಮೊದಲ ಡ್ರೈವ್‌ನಲ್ಲೇ ಒಮ್ಮೆ ಕಾಣಿಸಲಿ. ಎದುರಾಳಿ ಯಾವ ಗುಂಪನ್ನು ಕಳಿಸುತ್ತಾನೆ ಅಂತ ಬೇಗ ಗೊತ್ತಾದಷ್ಟೂ ಒಳ್ಳೆಯದು.

## ಹಾದಿ ತಪ್ಪುತ್ತಿರುವ ಸೂಚನೆಗಳು

ನಿಮ್ಮ ಶೀಟ್‌ನಲ್ಲಿ ಒಬ್ಬ ಬ್ಯಾಕ್ ಇದ್ದಾಗಿನ ಓಟ ಮತ್ತು ಪಾಸ್ ಲೆಕ್ಕ ಹಾಕಿ. ಒಬ್ಬನು ಬಂದಾಗ ಹತ್ತರಲ್ಲಿ ಎಂಟು ಸಲ ಓಟವೇ ಆಗಿದ್ದರೆ ಎದುರಾಳಿಯೂ ಅದನ್ನು ಎಣಿಸಿದ್ದಾನೆ ಅಂತಲೇ ತಿಳಿಯಿರಿ. ಮುಂದಿನ ಪಂದ್ಯದಲ್ಲಿ ಆ ಬ್ಯಾಕ್‌ಗೆ ಮೊದಲ ಡೌನ್‌ನಲ್ಲೇ ಪಾಸ್ ಎಸೆಯಿರಿ.

ಲೈನ್‌ಬ್ಯಾಕರ್‌ಗಳು ಸ್ನ್ಯಾಪ್‌ಗೆ ಮುಂಚೆ ಬೆರಳು ತೋರಿಸಿ ಕೂಗುತ್ತಾ ಒಂದೇ ಕಡೆ ಸರಿಯುತ್ತಿದ್ದಾರಾ? ನಿಮ್ಮವರು ನಿಂತ ರೀತಿಯೇ ಗುಟ್ಟು ಬಿಟ್ಟುಕೊಡುತ್ತಿದೆ. ಬ್ಲಾಕ್ ಮಾಡಬೇಕಾದಾಗ ಒಬ್ಬನು ಅರ್ಧ ಹೆಜ್ಜೆ ಮುಂದೆ ನಿಲ್ಲುವುದು, ಚೆಂಡು ಸಿಗುವಾಗ ಕೈ ಒರೆಸಿಕೊಳ್ಳುವುದು, ಇಂಥವನ್ನು ವಿಡಿಯೊದಲ್ಲಿ ಹುಡುಕಿ.

ನಟನೆಯ ಓಟ ನಿಧಾನವಾದರೆ ಅದನ್ನು ದಣಿವು ಅಂತ ಬಿಟ್ಟುಬಿಡಬೇಡಿ. ಹಲವು ಸಲ ಅದು ಬೇಸರ. ತನ್ನ ಪಾತ್ರ ಏನು ಅಂತ ಆ ಹುಡುಗನಿಗೆ ಯಾರೂ ಸರಿಯಾಗಿ ಹೇಳಿರುವುದಿಲ್ಲ. ಟ್ರಾನ್ಸ್‌ಫರ್ ಪೋರ್ಟಲ್ (ಆಟಗಾರರು ಕಾಲೇಜು ಬದಲಿಸುವ ವ್ಯವಸ್ಥೆ) ಇರುವ ಈ ಕಾಲದಲ್ಲಿ ಬೇಸರಗೊಂಡವನು ಸೀಸನ್ ಮುಗಿದ ಕೂಡಲೇ ಬೇರೆ ತಂಡದಲ್ಲಿರುತ್ತಾನೆ. ಪಾಲು ಹಂಚಿಕೊಂಡರೆ ಮುಂದಿನ ದಾರಿ ಮುಚ್ಚುತ್ತದೆ ಅನ್ನುವ ಭಯ ಅವನಿಗಿದ್ದರೆ 2004ರ ಆಬರ್ನ್ ತಂಡದ ಉದಾಹರಣೆ ಕೊಡಿ. ರಾನಿ ಬ್ರೌನ್ ಮತ್ತು ಕಾರ್ನೆಲ್ ವಿಲಿಯಮ್ಸ್ ಒಂದೇ ಬ್ಯಾಕ್‌ಫೀಲ್ಡ್ ಹಂಚಿಕೊಂಡು 13-0 ಸೀಸನ್ ಆಡಿದರು. 2005ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ (ವೃತ್ತಿಪರ ಲೀಗ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವುದು) ಬ್ರೌನ್ ಎರಡನೆಯವನಾಗಿ, ವಿಲಿಯಮ್ಸ್ ಐದನೆಯವನಾಗಿ ಆಯ್ಕೆಯಾದರು.

## ಹಂತ 8: ಒಬ್ಬನಿಗೆ ಪೆಟ್ಟಾದರೆ

ಈ ಪ್ಲಾನ್ ಇಲ್ಲದೆ ಸೀಸನ್ ಶುರು ಮಾಡಬೇಡಿ. 2022ರಲ್ಲಿ ಮಿಶಿಗನ್‌ನ ಬ್ಲೇಕ್ ಕೋರಮ್‌ಗೆ ಇಲಿನಾಯ್ ವಿರುದ್ಧ ಮೊಣಕಾಲಿಗೆ ಪೆಟ್ಟಾಯಿತು. ಮುಂದಿನ ವಾರವೇ ಒಹಾಯೊ ಸ್ಟೇಟ್ ಪಂದ್ಯ. ಅಲ್ಲಿ ಡಾನೊವನ್ ಎಡ್ವರ್ಡ್ಸ್ 216 ಯಾರ್ಡ್ ಓಡಿದ, 75 ಮತ್ತು 85 ಯಾರ್ಡ್‌ಗಳ ಎರಡು ಟಚ್‌ಡೌನ್ ಸೇರಿ. ಮಿಶಿಗನ್ 45-23ರಿಂದ ಗೆದ್ದಿತು. ಓಟದ ಪ್ಲೇಗಳು ಇಬ್ಬರಿಗೂ ಒಂದೇ ಆಗಿದ್ದರೆ ಇಂಥ ವಾರದಲ್ಲಿ ಲೈನ್ ಹೊಸದೇನನ್ನೂ ಕಲಿಯಬೇಕಾಗುವುದಿಲ್ಲ.

ಒಬ್ಬನು ಹೊರಗಾದ ದಿನ ಇಬ್ಬರ ಫಾರ್ಮೇಷನ್ ಪೂರ್ತಿ ಕೈಬಿಡಬೇಡಿ. ನಾಲ್ಕನೇ ಹಂತದ ಮೊದಲ ಮತ್ತು ಎರಡನೇ ಪ್ಲೇಗಳಲ್ಲಿ ಎಡಗಡೆಯ ಬ್ಯಾಕ್‌ನ ಜಾಗಕ್ಕೆ ಒಬ್ಬ ಚುರುಕಾದ ಟೈಟ್ ಎಂಡ್ ಬರಬಹುದು. ಬ್ಲಾಕ್ ಮತ್ತು ಅಂಚಿನ ಪಾಸ್ ಅವನ ಕೈಲಾಗುತ್ತದೆ. ಮೂರನೆಯದಕ್ಕೆ ಓಡಬಲ್ಲವನೇ ಬೇಕು, ಅದಕ್ಕೆ ಮೂರನೇ ಬ್ಯಾಕ್‌ನನ್ನು ಸೀಸನ್‌ನ ಮೊದಲ ವಾರದಿಂದಲೇ ಅಭ್ಯಾಸದಲ್ಲಿ ಸೇರಿಸಿಕೊಳ್ಳಿ. ದಿನಕ್ಕೆ ನಾಲ್ಕೈದು ಸಲ ಅವನು ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ತೆಗೆದುಕೊಂಡರೆ ಸಾಕು.